ಒಂದು ಬಕೆಟ್ ಬಿಸಿನೀರು

ಆ ಮನೆಯ ಗೀಸರ್ ಒಂದು ಸಲಕ್ಕೆ ಕಾಯಿಸುತ್ತಿದ್ದುದು ಒಂದೇ ಬಕೆಟ್ ನೀರು. ಮಾವ, ಗಂಡ, ನಾದಿನಿ, ಅತ್ತೆ ಸ್ನಾನ ಮುಗಿಸುವ ಹೊತ್ತಿಗೆ ಹಾಳಾದ ಕರೆಂಟು ಹೋಗಿಬಿಡುತ್ತಿತ್ತು. ಸೊಸೆ ವನಜಳ ಪಾಲಿಗೆ ದಿನವೂ ಮೈ ಕೊರೆಯುವ ತಣ್ಣೀರು.

ಅವತ್ತು ಬೆಳಿಗ್ಗೆ ನಡುಮನೆಯಲ್ಲಿ ಚಾರ್ಜಿಗಿಟ್ಟಿದ್ದ ಅವಳ ಫೋನು ಹೊಡೆದುಕೊಂಡಿತು. ಅತ್ತೆ ಎತ್ತಿ ಮಾತಾಡಿ ಇಟ್ಟರು.

"ಯಾರತ್ತೆ?" ಅಡುಗೆಮನೆಯಿಂದಲೇ ಕೇಳಿದಳು.

"ಯಾವುದೋ ರಾಂಗ್ ನಂಬರ್."

"ಇವತ್ತೊಂದಿನ ನಾನು ಮೊದಲು ಸ್ನಾನ ಮಾಡ್ಲಾ? ಆಸ್ಪತ್ರೆಗೆ ಹೋಗಿ ಅಪ್ಪನ್ನ ನೋಡ್ಕೊಂಡು ಬರ್ತೀನಿ."

"ಹೋಗುವಿಯಂತೆ. ಮೊದಲು ಎಲ್ಲರದ್ದೂ ಆಗಲಿ."

ಮಾವನದಾಯಿತು, ಗಂಡನದಾಯಿತು. ನಾದಿನಿ ಸಾವಕಾಶವಾಗಿ ತಲೆಗೆ ಎರೆದುಕೊಂಡಳು. ಕೊನೆಗೆ ಅತ್ತೆಯೂ ಕೆಂಪಗೆ ಮಿಂದು ಹೊರಬಂದರು. ಏನು ಪುಣ್ಯವೋ, ಕರೆಂಟು ಇನ್ನೂ ಇತ್ತು. ಗೀಸರ್ ಮತ್ತೆ ಕಾಯುವವರೆಗೆ ವನಜ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ಬಕೆಟ್ಟು ತುಂಬಿ ಹಬೆ ಮುಖಕ್ಕೆ ಬಡಿದಾಗ ಮಗುವಿನ ಹಾಗೆ ನಕ್ಕಳು.

ಅತ್ತೆ ಬಂದು ಸ್ವಿಚ್ಚು ಆರಿಸಿದರು.

"ಅದು ಬೇಡಮ್ಮ, ಸಾವಿನ ಸ್ನಾನ ತಣ್ಣೀರಲ್ಲೇ ಆಗಬೇಕು. ಬೆಳಿಗ್ಗೆ ಫೋನ್ ಮಾಡಿದ್ದು ನಿಮ್ಮಣ್ಣ. ಆಗಲೇ ಹೇಳಿಬಿಟ್ಟಿದ್ರೆ ನಾವೆಲ್ಲರೂ ತಣ್ಣೀರು ಹುಯ್ಕೋಬೇಕಾಗ್ತಿತ್ತು."