ಅಕ್ಕನ ಕಿವಿಯ ಮಿಷನ್ನು

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ಕೊಟ್ಟೂರಿನ ಹತ್ತಿರದ ನಮ್ಮೂರ ಶಾಲೆಯ ಬೀರು ನೆನಪಾಗುತ್ತದೆ. ಕಿವಿ ಕೇಳದ ಅಕ್ಕನಿಗೆ ಸರ್ಕಾರ ಕೊಟ್ಟಿದ್ದ ಶ್ರವಣಯಂತ್ರವನ್ನು ಹೆಡ್‌ಮಾಸ್ತರರು ಅದರೊಳಗಿಟ್ಟು ಬೀಗ ಹಾಕಿದ್ದರು. "ಹುಡುಗ್ರ ಕೈಯಾಗ ಕೊಟ್ರ ಹಾಳಾಗ್ತೈತಬೇ," ಎಂದು ಅವ್ವನಿಗೆ ಹೇಳಿದ್ದರು.

ಸಾಹೇಬರು ತಪಾಸಣೆಗೆ ಬಂದ ಮಧ್ಯಾಹ್ನ ಅದು ಹೊರಗೆ ಬಂತು. ಬೆಂಕಿಪೊಟ್ಟಣದಷ್ಟಿದ್ದ ಪೆಟ್ಟಿಗೆಯನ್ನು ಅಕ್ಕನ ಅಂಗಿಗೆ ಸಿಕ್ಕಿಸಿ, ವೈರನ್ನು ಕಿವಿಗಿಟ್ಟರು. ಸಾಹೇಬರು ಹಿಂದಿನಿಂದ ಹೆಸರು ಕರೆದಾಗ ಅಕ್ಕ ತಿರುಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬೆಚ್ಚಿದಳು, ನಕ್ಕಳು, ಕೇಳಿಸುತ್ತದೆಂದು ತಾನೂ ಮತ್ತೆ ಮತ್ತೆ ತಟ್ಟಿದಳು.

ಜೀಪು ಹೋದ ಮೇಲೆ ಯಂತ್ರವನ್ನು ಬಿಚ್ಚಲು ಅವಳು ಬಿಡಲಿಲ್ಲ. ಮಾಸ್ತರರು ಮೆಲ್ಲಗೆ ಅದರ ಗುಂಡಿಯನ್ನು ಸರಿಸಿ ಬಂದ್ ಮಾಡಿದರು. ಅಕ್ಕ ಚಪ್ಪಾಳೆ ತಟ್ಟಿ ನೋಡಿದಳು, ನನ್ನ ಮುಖ ನೋಡಿದಳು.

"ನಿನ್ನ ಕೈಸನ್ನಿ ಆಕಿಗೆ ತಿಳಿತೈತಲ್ಲ? ಮಿಷನ್ ಕೆಟ್ಟೈತಿ ಅಂತ ಹೇಳವಾ," ಎಂದರು ಮಾಸ್ತರರು ನನಗೆ.

ಎರಡನೇ ಕ್ಲಾಸಿನವಳು ನಾನು. ಹೇಳಿದೆ.

ಅಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು. ತಾನೇ ಪೆಟ್ಟಿಗೆಯನ್ನು ಬಿಚ್ಚಿ, ಲಂಗದ ಅಂಚಿನಿಂದ ಒರೆಸಿ ಕೊಟ್ಟು, ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡಳು.

"ಇರ್ಲಿ ಬಿಡವಾ," ಎಂದು ಮಾಸ್ತರರು ಅವಳನ್ನು ಕ್ಷಮಿಸಿದರು.