ಮಾಂಟೆವಿಡಿಯೊದ ನಡಿಗೆಗಾರ

ಬಾಗಿಲ ಹೊರಗೆ ಯಾರೋ ಬೂಟಿಗೆ ಹತ್ತಿದ ಹಿಮವನ್ನು ಚಾಪೆಗೆ ಒರೆಸುತ್ತಿದ್ದರು. ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ. ರಾತ್ರಿ ಹತ್ತು ದಾಟಿತ್ತು. ಕರಡು ತಿದ್ದುವ ಟೆಕ್ಲಾ ಹಮ್ಮರ್‌ಲೋವ್ ಪೆನ್ಸಿಲ್ ಕೆಳಗಿಟ್ಟು ಕಿವಿಗೊಟ್ಟಳು.

ಗೋಥೆನ್‌ಬರ್ಗಿನ ಆ ಕ್ರೀಡಾ ವರ್ಷಪುಸ್ತಕದ ಕಚೇರಿಗೆ ರಾತ್ರಿ ತಂತಿ ಬರುವುದು ಹೊಸದಲ್ಲ. ಅಮೆರಿಕದಲ್ಲಿ ಟೆನಿಸ್ ಮುಗಿಯುವಾಗ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಆದರೆ ತಂತಿಯವನು ಬೂಟು ಒರೆಸುವುದಿಲ್ಲ.

ನಾಳೆ ಕಳ್ಳಮುದ್ರಣದ ದಾವೆಯಲ್ಲಿ ಹೇಳಬೇಕಾದ ಸಾಕ್ಷ್ಯವೇ ಅವಳನ್ನು ಇಷ್ಟು ಹೊತ್ತು ಅಲ್ಲಿ ಕೂರಿಸಿತ್ತು. 1931ರಲ್ಲಿ ಜಗತ್ತಿನಾದ್ಯಂತ ಸ್ಕೇಟಿಂಗ್, ಕುಸ್ತಿ, ಸೈಕಲ್, ಈಜುಗಳಲ್ಲಿ ಗೆದ್ದವರ ಪಟ್ಟಿ ಈ ಕಚೇರಿಯ ವರ್ಷಪುಸ್ತಕವಾಗಿ ಜನವರಿಯಲ್ಲಿ ಹೊರಬಂದಿತ್ತು. ಫೆಬ್ರವರಿಯಲ್ಲಿ ಎಕೆಂಗ್ರೆನ್ ಎಂಬ ಪ್ರಕಾಶಕನೂ ಒಂದು ತಂದ, ಅರ್ಧ ಬೆಲೆಗೆ. ಇವರ ಪುಟ 212ರ ಒಂದು ಸಾಲು ಅವನ ಪುಟ 212ರಲ್ಲೂ ಹಾಗೆಯೇ ಇತ್ತು: ಉರುಗ್ವೇ, ಐವತ್ತು ಕಿಲೋಮೀಟರ್ ನಡಿಗೆ, ಆಲ್ಗೋಟ್ ಸೆಲ್‌ಬರ್ಗ್, ಮಾಂಟೆವಿಡಿಯೊ, 4 ಗಂಟೆ 51 ನಿಮಿಷ.

ಅಂಥ ನಡಿಗೆಗಾರ ಇರಲೇ ಇಲ್ಲ. ಕದಿಯುವವರನ್ನು ಹಿಡಿಯಲೆಂದು ಟೆಕ್ಲಾಳೇ ಕಟ್ಟಿ ಸೇರಿಸಿದ ಸಾಲು ಅದು.

"ಒಂದೇ ಮಾತು ಕಣ್ರೀ," ಎಂದಿದ್ದರು ಸಂಪಾದಕ ವೆನ್ನರ್‌ಮಾರ್ಕ್ ಸಂಜೆ ಹೊರಡುವಾಗ. "'ನಾನೇ ಕಟ್ಟಿದ್ದು' ಅಂದ್ಬಿಟ್ಟು ಕೂತ್ಕೊಳ್ಳಿ. ಅದನ್ನೂ ಕರಡು ತಿದ್ತಾ ನಿಲ್ಬೇಡಿ. ಸೋತ್ರೆ ಮುಂದಿನ ಪುಸ್ತಕ ಇಲ್ಲ, ನಾವು ಆರು ಜನಾನೂ ಬೀದೀಲಿ."

ಟೆಕ್ಲಾ ಬಾಗಿಲು ತೆರೆದಳು. ಎಪ್ಪತ್ತು ದಾಟಿದ ಮುದುಕಿ. ಕಪ್ಪು ಟೋಪಿ, ಕಂಕುಳಲ್ಲಿ ಈ ಕಚೇರಿಯದೇ ವರ್ಷಪುಸ್ತಕ.

"ಹಮ್ಮರ್‌ಲೋವ್ ಅಂದ್ರೆ ನೀವೇನಾ ತಾಯಿ?"

ತನ್ನ ಹೆಸರು ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ಆಕೆ ಒಳಗೆ ಬಂದು ಕುರ್ಚಿ ಎಳೆದುಕೊಂಡಿದ್ದಳು. ಪುಸ್ತಕ ತಾನಾಗಿಯೇ ಪುಟ 212ಕ್ಕೆ ತೆರೆದುಕೊಂಡಿತು. ಸೆಲ್‌ಬರ್ಗ್ ಸಾಲಿನ ಮೇಲೆ ಬೆರಳು ನಿಂತಿತು.

"ಇದು ಸುಳ್ಳು ಅಂತ ನಾಳೆ ಹೇಳ್ತೀರಂತೆ. ಹೌದಾ?"

ಈ ಬಂದರಿನ ಊರಲ್ಲಿ ಸೆಲ್‌ಬರ್ಗ್‌ಗಳಿಗೆ ಬರವಿಲ್ಲ. ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೋಗಿ ಒಂದು ಕಾಗದವನ್ನೂ ಬರೆಯದ ಗಂಡುಮಕ್ಕಳಿಗೂ ಬರವಿಲ್ಲ. ಯಾರಿಗೂ ಇರದ ಹೆಸರನ್ನು ಯಾಕೆ ಹುಡುಕಲಿಲ್ಲ ತಾನು?

"ಅಮ್ಮಾ, ಆಲ್ಗೋಟ್ ನಿಮ್ಮ..."

"ಹೆಸರು ಎತ್ಬೇಡಿ." ಮುದುಕಿ ಕೈ ಅಡ್ಡ ಹಿಡಿದಳು. "ನಂಗೆ ಒಬ್ಬನೇ ಮಗ. ಏನು ಮಾಡ್ತಿದೀಯೋ ಅಂತ ಕೇಳಿದ್ರೆ ಬಾಯೇ ಬಿಡಲ್ಲ. ಊರಿನವರ ಬಾಯಿಂದ ತಿಳೀಬೇಕು ತಾಯಿಗೆ."

ಟೆಕ್ಲಾ ಕೆಟಲಿನಲ್ಲಿ ಉಳಿದಿದ್ದ ಕಾಫಿಯನ್ನು ಬಿಸಿ ಮಾಡಿ ಕೊಟ್ಟಳು. ಮುದುಕಿ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡು ಹೀರಿದಳು. ಏನೋ ನೆನಪಾಗಿ ನಕ್ಕಳು.

"ಸಣ್ಣವನಿದ್ದಾಗ ಲೆಕ್ಕ ಅಂದ್ರೆ ಆಗ್ತಿರಲಿಲ್ಲ. ಪಕ್ಕದವನ ಸ್ಲೇಟು ನೋಡ್ಕೊಂಡು ಬರೀತಿದ್ದ. ಮೇಷ್ಟ್ರು ಹೊಡೆಯೋಕೆ ಬಂದ್ರೆ ನಾನು ಅಡ್ಡ ನಿಲ್ತಿದ್ದೆ." ನಗು ನಿಂತಿತು. "ನೀವು ಇದು ಸುಳ್ಳು ಅಂದ್ರೆ ನನ್ನ ಮಗ ಮುಗಿದ ಹಾಗೇನೇ. ಈ ವಯಸ್ಸಲ್ಲಿ ಅದನ್ನ ನೋಡ್ಬೇಕಾ ನಾನು?"

"ನನಗೂ ಕೆಲಸ ಇದೆ ಅಮ್ಮಾ. ಇಲ್ಲಿ ಆರು ಜನ..."

"ಗೊತ್ತು ಮಗಾ. ನಿಮಗೆ ಬೇರೆ ಕೆಲಸ ಸಿಗತ್ತೆ. ನಂಗೆ ಬೇರೆ ಮಗ ಸಿಗಲ್ಲ."

ಆಕೆ ಹೋದ ಮೇಲೆ ಟೆಕ್ಲಾ ಕೋಟು ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ಮನೆಗೆ ನಡೆದು ಹೋದರೂ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಕನ್ನಡಿಯ ಮುಂದೆ ನಿಂತು "ನಾನೇ ಕಟ್ಟಿದ್ದು" ಎಂದು ಹೇಳಿನೋಡಿದಳು. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ನ್ಯಾಯಾಲಯದಲ್ಲಿ ಎಕೆಂಗ್ರೆನ್ ಇರಲಿಲ್ಲ. ಅವನು ಎಲ್ಲಿಗೂ ಬರುವವನಲ್ಲ, ವಕೀಲನನ್ನು ಕಳಿಸುವವನು. ಟೆಕ್ಲಾ ಅವನ ಮುಖವನ್ನೇ ಕಂಡಿರಲಿಲ್ಲ. ಆದರೆ ಕೊನೆಯ ಬೆಂಚಿನಲ್ಲಿ ಕಪ್ಪು ಟೋಪಿ ಇತ್ತು.

ಟೆಕ್ಲಾ ಬೈಬಲ್ ಮೇಲೆ ಕೈಯಿಟ್ಟಳು.

"ಆಲ್ಗೋಟ್ ಸೆಲ್‌ಬರ್ಗ್ ಎಂಬವನನ್ನು ನೀವೇ ಕಲ್ಪಿಸಿದಿರಾ?" ಎಂದು ಕೇಳಿದರು ನ್ಯಾಯಾಧೀಶರು.

ಕೊನೆಯ ಬೆಂಚಿನಲ್ಲಿ ಮುದುಕಿ ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡಳು.

"ಇಲ್ಲ," ಎಂದಳು ಟೆಕ್ಲಾ. "ಮಾಂಟೆವಿಡಿಯೊದಿಂದ ತಂತಿ ಬಂದಿತ್ತು."

ಆಮೇಲೆ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಿತು. ಆ ಸಾಲು ನಿಜವಾಗಿ ನಡೆದ ಸಂಗತಿಯಾದರೆ ಅದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು ಎಂದ ಎದುರು ವಕೀಲ. ದಾವೆ ಬಿದ್ದುಹೋಯಿತು.

"ಏನ್ರೀ ಆಯ್ತು ನಿಮಗೆ?" ಮೆಟ್ಟಿಲಿಳಿಯುವಾಗ ವೆನ್ನರ್‌ಮಾರ್ಕ್ ಅವಳಿಗೆ ಅಡ್ಡ ನಿಂತರು. "ಯಾವ ತಂತಿ? ಎಲ್ಲಿದೆ ತಂತಿ? ಆರು ಮನೆ ಒಲೆ ಆರಿಸಿಬಿಟ್ರಲ್ಲ!"

ಟೆಕ್ಲಾ ತಲೆ ತಗ್ಗಿಸಿದಳು. ಒಬ್ಬ ತಾಯಿಯಾದರೂ ಈ ರಾತ್ರಿ ಮಲಗುತ್ತಾಳೆ ಎಂದುಕೊಂಡಳು.

ಬೀದಿಯಲ್ಲಿ ಕಾರೊಂದು ನಿಂತಿತ್ತು. ತುಪ್ಪಳದ ಕಾಲರಿನ ದಪ್ಪ ಗಂಡಸೊಬ್ಬ ಇಳಿದು ಬಾಗಿಲು ಹಿಡಿದು ನಿಂತ. ಎದುರು ಪಕ್ಷದ ವಕೀಲ ಅವನ ಕೈ ಕುಲುಕಿದ. "ಗೆದ್ದಿರಿ, ಎಕೆಂಗ್ರೆನ್ ಅವರೇ."

"ಆಮೇಲೆ ಮಾತಾಡೋಣ ಸ್ವಾಮಿ, ಚಳಿ," ಎಂದ ಅವನು. ಮತ್ತೆ ಮೆಟ್ಟಿಲ ಕಡೆ ತಿರುಗಿ ಕೂಗಿದ: "ಅಮ್ಮಾ, ಜಾರುತ್ತೆ, ನೋಡ್ಕೊಂಡು ಬಾ."

ಕಪ್ಪು ಟೋಪಿ ಟೆಕ್ಲಾಳನ್ನು ದಾಟಿ ಕೆಳಗಿಳಿಯಿತು. ಕಾರು ಹತ್ತುವ ಮುನ್ನ ಮುದುಕಿ ಒಮ್ಮೆ ಹಿಂತಿರುಗಿ ನೋಡಿದಳು. ಆ ನೋಟದಲ್ಲಿ ಗೆಲುವಿರಲಿಲ್ಲ, ನಾಚಿಕೆಯೂ ಇರಲಿಲ್ಲ.

ಟೆಕ್ಲಾ ಹಿಂದಿನ ರಾತ್ರಿಯ ಒಂದೊಂದು ಮಾತನ್ನೂ ಕರಡಿನ ಸಾಲಿನಂತೆ ಓದಿನೋಡಿದಳು. ತಿದ್ದಲು ಒಂದು ಪದವೂ ಸಿಗಲಿಲ್ಲ. ಆಕೆ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಸುಳ್ಳು ಹೇಳಿದವಳು, ಅದೂ ಬೈಬಲ್ ಮೇಲೆ ಕೈಯಿಟ್ಟು, ತಾನು.

"ಯಾರ್ರೀ ಆ ಮುದುಕಿ?" ಎಂದರು ವೆನ್ನರ್‌ಮಾರ್ಕ್. "ನಿಮ್ಮನ್ನೇ ನೋಡಿದ ಹಾಗಿತ್ತು."

"ಗೊತ್ತಿಲ್ಲ," ಎಂದಳು ಟೆಕ್ಲಾ. ಇನ್ನು ಯಾರು ಕೇಳಿದರೂ, ಎಷ್ಟು ವರ್ಷ ಕಳೆದ ಮೇಲೆ ಕೇಳಿದರೂ, ಇಷ್ಟೇ ಹೇಳುವುದೆಂದು ಅಲ್ಲಿಯೇ ನಿಶ್ಚಯಿಸಿಕೊಂಡಳು.