ಅಜ್ಜಿ ಬೆಳಗಿದ ಬಂಪರು

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚಿದಾಗಲೆಲ್ಲ ಇವತ್ತಿಗೂ ನನ್ನ ಕೈ ಅರೆಗಳಿಗೆ ನಿಲ್ಲುತ್ತದೆ.

ಅಪ್ಪ ಸುರಪುರದಲ್ಲಿ ಕಾರಿನ ಮಿಸ್ತ್ರಿ. ವಕೀಲರೊಬ್ಬರ ಹಳೆಯ ಅಂಬಾಸಿಡರಿನ ಬಂಪರನ್ನು ಬಿಚ್ಚಿ ಮನೆಗೆ ತಂದು, ವಾರವಿಡೀ ಬೆನ್ನು ಬಗ್ಗಿಸಿ ಕೂತು ಮೆತ್ತನೆಯ ಬಟ್ಟೆಯಿಂದ ಅದರ ತುಕ್ಕಿನ ಚುಕ್ಕೆಗಳನ್ನು ಒರೆಸುತ್ತಿದ್ದ. "ಇದರ ಮ್ಯಾಲಿನ ಹೊಳಪಿನ ಲೇಪ ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳ್ಳಗ ಇರ್ತದ. ಗಟ್ಟಿ ತಿಕ್ಕಬಾರದವ್ವ" ಎಂದು ನನಗೆ ಹೇಳಿದ್ದ.

ಆ ಮಧ್ಯಾಹ್ನ ಅವನು ಯಾದಗಿರಿಗೆ ಹೋಗಿದ್ದ. ಮಗನ ಬೆನ್ನುನೋವು ನೋಡಲಾರದೆ ಅಜ್ಜಿ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಿಡಿದು ಬಂಪರಿನ ಮುಂದೆ ಕೂತಳು. ಅಪ್ಪನ ಮಾತು ನನಗೆ ನೆನಪಿತ್ತು. ಆದರೂ ಅವಳ ಜೊತೆ ನಾನೂ ತಿಕ್ಕಿದೆ. ಬಿಳಿ ಹೊಳಪು ಸವೆದು ಮಂಕು ಹಳದಿ ಕಾಣಿಸಿತು.

"ನೋಡವ್ವ, ಒಳಗ ಹಿತ್ತಾಳಿನ ಅದ!" ಎಂದು ಅಜ್ಜಿ ಹಿಗ್ಗಿದಳು.

ಸಂಜೆ ಅಪ್ಪ ಬಂಪರಿನ ಮೇಲೆ ಬೆರಳಾಡಿಸಿದ. "ಛಲೋ ಆಗ್ಯಾದ, ಯವ್ವಾ" ಎಂದು ಅಜ್ಜಿಗೆ ಹೇಳಿದ. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದ.

"ಮುದುಕಿಗೆ ಗೊತ್ತಿಲ್ಲ. ನಿನಗ ನೆನಪಿರಲಿಲ್ಲೇನು?"

"ಇರಲಿಲ್ಲ" ಎಂದೆ.

ಮರುದಿನ ವಕೀಲರ ಎದುರು ಅವನು "ತಪ್ಪು ನಂದ್ರಿ" ಎಂದ. ಮುಂದೆ ನಮ್ಮ ಮನೆಗೆ ಯಾವ ಬಂಪರೂ ಬರಲಿಲ್ಲ. ಅಜ್ಜಿ ಮಾತ್ರ ಓಣಿಯವರಿಗೆಲ್ಲ ಹೇಳುತ್ತಿದ್ದಳು: "ವಕೀಲರ ಕಾರು ಬೆಳಗಿದಾಕಿ ನಾನ. ಮೊಮ್ಮಗಳೂ ಇದ್ದಳು, ಕೇಳ್ರಿ."

ಕೇಳಿದವರಿಗೆ ನಾನು ಹೌದೆನ್ನುತ್ತಿದ್ದೆ, ಅಪ್ಪನ ಮುಖ ನೋಡದೆ.